ಕುಜನನ್ನು ವಿಚಾರಿಸಿಕೊಳ್ಳಲು ತಾರಸಿ ಹತ್ತಿದ್ದು

ಕೂತ ಕುರ್ಚಿಯಿಂದ ಏಳದೆ ಶನಿಗ್ರಹದವರೆಗೂ ಹೋಗಿ ಬಂದವನು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಕಾಲಿನಲ್ಲಿ ಚಕ್ರ ಇರುತ್ತದೆ ಅನ್ನುತ್ತಾರೆ. ನನಗೆ ಆ ಚಕ್ರವನ್ನು ಎಲ್ಲೋ ತಪ್ಪಿ ತಲೆಯೊಳಗೆ ಜೋಡಿಸಿ ಕಳಿಸಿದ್ದಾರೆ. ಹಾಲು ಮುಗಿದಿದೆ, ಬೀದಿ ತುದಿಯ ಅಂಗಡಿಗೆ ಹೋಗಿ ಬನ್ನಿ ಎಂದು ನನ್ನ ಹೆಂಡತಿ ವಸಂತ ಹೇಳಿದರೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಅದೇ ಹೊತ್ತಿಗೆ ಯಾರಾದರೂ ಶುಕ್ರಗ್ರಹದ ಮಾತೆತ್ತಿದರೆ ಸಾಕು, ಅದು ತನ್ನ ಸುತ್ತ ತಾನು ಒಂದು ಸಲ ತಿರುಗುವುದರೊಳಗೆ ಸೂರ್ಯನಿಗೆ ಒಂದು ಪ್ರದಕ್ಷಿಣೆ ಹಾಕಿ ಮುಗಿಸಿರುತ್ತದೆ, ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ, ಎಂದು ಅರ್ಧ ಗಂಟೆ ನಿಲ್ಲದೆ ಮಾತಾಡಬಲ್ಲೆ. ವಸಂತ ಪೂರ್ತಿ ಕೇಳಿಸಿಕೊಂಡು, "ಸರಿ, ಅಲ್ಲಿ ಹಾಲು ಸಿಕ್ಕಿದ್ರೆ ಅಲ್ಲಿಂದಾದ್ರೂ ತನ್ನಿ" ಅನ್ನುತ್ತಾಳೆ.

ಇಂಥ ಆಕ್ಷೇಪಣೆಗಳಿಗೆಲ್ಲ ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ನಾನು ಸುಮ್ಮನೆ ಕೂತಿದ್ದೇನೆ ಎಂದು ಹೇಳಿದವರು ಯಾರು? ಭೂಮಿ ತಿರುಗುತ್ತಿದೆ. ಮದರಾಸಿನಲ್ಲಿ ಕೂತವನು ಗಂಟೆಗೆ ಸಾವಿರದ ಆರುನೂರು ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಧಾವಿಸುತ್ತಿರುತ್ತಾನೆ. ಅದರ ಮೇಲೆ ಭೂಮಿಯೇ ಸೂರ್ಯನ ಸುತ್ತ ಗಂಟೆಗೆ ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಹೀಗೆ ಓಡುತ್ತಿರುವವನನ್ನು ಹಿಡಿದು ಇನ್ನಷ್ಟು ನಡಿ ಅನ್ನುವುದು ಯಾವ ನ್ಯಾಯ? ಈ ವಾದವನ್ನು ಮೊದಲ ಸಲ ಮಂಡಿಸಿದಾಗ ಒಳಗಿನ ಕೋಣೆಯಿಂದ ನನ್ನ ಅಮ್ಮ, "ಹಂಗಾದ್ರೆ ಹಾಲಿನ ಅಂಗಡಿ ಬಂದಾಗ ಇಳ್ಕೊಳ್ಳೋ" ಅಂದಳು. ರೈಲ್ವೆಯವರ ಮನೆಯ ಹೆಂಗಸು. ಅವಳ ಬುದ್ಧಿ ಸ್ಟೇಷನ್ ಬಿಟ್ಟು ಆಚೆಗೆ ಹೋಗುತ್ತಿರಲಿಲ್ಲ.

ಅಪ್ಪ ಅರಸೀಕೆರೆಯ ಕಡೆಯವರು. ರೈಲ್ವೆಯ ಕೆಲಸಕ್ಕೆಂದು ಮದರಾಸಿಗೆ ಬಂದು, ತಿರುವೊಟ್ಟಿಯೂರಿನಲ್ಲಿ ಸಮುದ್ರದ ಗಾಳಿ ಬೀಸುವ ಕಡೆ ಒಂದು ಪುಟ್ಟ ಫ್ಲ್ಯಾಟು ಕೊಂಡು, ನಿವೃತ್ತರಾದ ಸ್ವಲ್ಪ ಕಾಲಕ್ಕೇ ತೀರಿಕೊಂಡರು. ನೆಲದಂತಸ್ತು, ಮೇಲೆ ಎರಡು ಮಹಡಿ, ಅದರ ಮೇಲೆ ತಾರಸಿ. ಲಿಫ್ಟಿನ ಮಾತೇ ಇಲ್ಲ. ಮೊದಲ ಮಹಡಿಯಲ್ಲಿ ಅಮ್ಮ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಅಕ್ಕ ಸುಮಿತ್ರ, ನಾನು, ವಸಂತ. ನನಗೆ ಗಿಂಡಿಯಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಊರಿನ ಉತ್ತರದ ಅಂಚಿನಿಂದ ದಕ್ಷಿಣದವರೆಗೆ ರೈಲಿನಲ್ಲಿ ಹೋಗಬೇಕು, ನಡುವೆ ಒಮ್ಮೆ ಬದಲಿಸಬೇಕು. ಹೋಗುವಾಗ ಕಿಟಕಿಯ ಪಕ್ಕದ ಜಾಗ ಸಿಕ್ಕಿದರೆ ಪೇಪರಿನ ವಿಜ್ಞಾನದ ಪುಟ ಪೂರ್ತಿ ಓದಿ ಮುಗಿಯುತ್ತಿತ್ತು. ಕಾಸಿಮೇಡಿನ ಕಡೆಯಿಂದ ಮೀನಿನ ವಾಸನೆ ಬಂದು ಹೋಗುವಷ್ಟರಲ್ಲಿ ನಾನು ಗುರುಗ್ರಹದ ಹತ್ತಿರ ಇರುತ್ತಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಸಹೋದ್ಯೋಗಿಗಳಿಗೆ ಅದರ ಪ್ರವಚನ. ಶನಿಯನ್ನು ಮುಳುಗಿಸುವಷ್ಟು ದೊಡ್ಡ ಕೊಳ ಸಿಕ್ಕಿದರೆ ಶನಿ ಅದರಲ್ಲಿ ತೇಲುತ್ತದೆ ಎಂದು ನಾನು ಹೇಳಿದ ದಿನ ಪಕ್ಕದ ಮೇಜಿನ ಶ್ರೀಧರನ್ ಮೊಸರನ್ನದ ಡಬ್ಬಿ ಮುಚ್ಚಿ, ಏಳರಾಟದ ಶನಿ ಹಿಡಿದವನು ನಾನೇ ಮುಳುಗಿದ್ದೇನೆ, ಅದು ಮಾತ್ರ ತೇಲುತ್ತದೆಯೇ ಎಂದು ವಿಷಾದಪಟ್ಟ.

ಆಗ ನನಗೆ ತುಂಬ ಹಿಡಿಸಿದ ಸಂಗತಿ ಗಗನಯಾತ್ರಿಗಳದು. ಅಂತರಿಕ್ಷದ ಠಾಣೆಯಲ್ಲಿ ತಿಂಗಳುಗಟ್ಟಲೆ ಇರುವವರಿಗೆ ತೂಕವೇ ಇರುವುದಿಲ್ಲ. ಬೆನ್ನುಮೂಳೆಯ ಮೇಲೆ ಭಾರ ಬೀಳದೆ ಒಂದೆರಡು ಇಂಚು ಉದ್ದವೂ ಆಗುತ್ತಾರೆ. ಕೇಳುವುದಕ್ಕೆ ಸುಖವಾಗಿದೆ. ಆದರೆ ಕಾಲಿಗೆ ಕೆಲಸವಿಲ್ಲದ ಕಾರಣ ಮಾಂಸಖಂಡ ಸೊರಗುತ್ತದೆ, ಮೂಳೆ ಸವೆಯುತ್ತದೆ. ಅದಕ್ಕೇ ಅವರು ದಿನಕ್ಕೆ ಎರಡು ಗಂಟೆ, ಮೈಗೆ ಪಟ್ಟಿ ಬಿಗಿದುಕೊಂಡು, ಓಡುವ ಯಂತ್ರದ ಮೇಲೆ ಓಡಬೇಕು. ಇಷ್ಟಾದರೂ ಭೂಮಿಗೆ ಇಳಿದ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಾರಂತೆ. ಇದನ್ನು ನಾನು ಮನೆಯಲ್ಲಿ ಕಣ್ಣರಳಿಸಿ ಹೇಳುತ್ತಿದ್ದೆ. ಕುರ್ಚಿಯಲ್ಲಿ ಕಾಲು ಚಾಚಿ ಕೂತು ಹೇಳುತ್ತಿದ್ದೆ ಎನ್ನುವುದನ್ನು ವಸಂತ ಗಮನಿಸಿದ್ದಳು; ಪಾಪ, ಬಾಯಿಬಿಟ್ಟು ಹೇಳಲಿಲ್ಲ.

ಇನ್ನು ಅಮ್ಮನ ವಿಷಯ. ಅವಳು ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಬೆಳಿಗ್ಗೆ ದೇವಸ್ಥಾನ, ಆಮೇಲೆ ತರಕಾರಿ, ಬಿಸಿಲು ಏರಿದರೆ ತಾರಸಿ. ತಾರಸಿ ಅವಳ ರಾಜ್ಯ. ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಂದಲ್ಲ ಒಂದು ಅಲ್ಲಿ ಒಣಗುತ್ತಿರುತ್ತಿತ್ತು. ಕೆಳಮನೆಯ ಮಾಮಿ ತಮ್ಮ ತಮಿಳು ಸಂಡಿಗೆ ವಡಾಂ ತಂದು ಪಕ್ಕದಲ್ಲೇ ಹರಡುವರು. ಇಬ್ಬರಿಗೂ ಬಿಸಿಲು ಬೀಳುವ ಜಾಗದ ಬಗ್ಗೆ ಮೂವತ್ತು ವರ್ಷಗಳಿಂದ ನಡೆದುಬಂದ ಸ್ನೇಹಪೂರ್ವಕ ವ್ಯಾಜ್ಯ. ಮಾಮಿ ತಮಿಳಿನಲ್ಲಿ ವಾದಿಸುವರು, ಅಮ್ಮ ಕನ್ನಡದಲ್ಲಿ ಉತ್ತರ ಕೊಡುವಳು, ಕಾಗೆ ಬಂದರೆ ಇಬ್ಬರೂ ಒಂದೇ ಭಾಷೆಯಲ್ಲಿ ಬೈಯುವರು.

ಅಂಥ ಅಮ್ಮನಿಗೆ ಭೂಮಿಯ ಮೇಲೆ ಶತ್ರುಗಳಿರಲಿಲ್ಲ. ಇದ್ದ ಒಬ್ಬನೇ ಶತ್ರು ಆಕಾಶದಲ್ಲಿದ್ದ. ಅಕ್ಕನ ಜಾತಕದಲ್ಲಿ ಕುಜ ಏಳನೆಯ ಮನೆಯಲ್ಲಿ ಕೂತಿದ್ದಾನೆ. ಕುಜದೋಷ. ಮಾಮಿಯ ಭಾಷೆಯಲ್ಲಿ ಸೆವ್ವಾಯ್ ದೋಷ. ಎರಡು ರಾಜ್ಯದ ಜ್ಯೋತಿಷಿಗಳೂ ಬೇರೆ ಯಾವುದರಲ್ಲಿ ಒಮ್ಮತಕ್ಕೆ ಬಂದರೋ ಬಿಟ್ಟರೋ, ಇದರಲ್ಲಿ ಬಂದಿದ್ದರು. ಅಕ್ಕನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಆಗಿದ್ದಾಗ ಹಾಸನದ ಕಡೆಯ ಒಬ್ಬ ಹುಡುಗ, ನಮ್ಮ ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು, ತಾಯಿಯ ಜೊತೆ ಮನೆಗೆ ಬಂದಿದ್ದ. ಎರಡನೆಯ ಸಲ ತಾಯಿಯಿಲ್ಲದೆ, ಅಮ್ಮ ಕೊಟ್ಟ ಚಕ್ಕುಲಿಯ ಡಬ್ಬಿ ವಾಪಸು ಕೊಡುವ ನೆಪದಲ್ಲಿ ಬಂದಿದ್ದ. ಅವನ ಯಾವುದೋ ಮಾತಿಗೆ ಅಕ್ಕ ನಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ಸುಲಭಕ್ಕೆ ನಗುವವಳಲ್ಲ. ಆ ಮನೆಯವರು ಜಾತಕ ಕೇಳಿರಲೇ ಇಲ್ಲ. ಕೇಳಿದವಳು ಅಮ್ಮ. ಇಂಥ ಕುಜ ಇರುವ ಹುಡುಗಿಯನ್ನು ಕಟ್ಟಿಕೊಂಡವನು ಬಾಳುವುದಿಲ್ಲ ಎಂದು ಜ್ಯೋತಿಷಿ ಹೇಳಿದ ಮೇಲೆ, "ಯಾರೋ ಹೆತ್ತ ಮಗ. ನಮ್ಮ ಸುಖಕ್ಕೆ ಅವನ ಪ್ರಾಣ ಯಾಕೆ ತೆಗೀಬೇಕು" ಎಂದು ಅಮ್ಮನೇ ಬೇಡ ಅಂದುಬಿಟ್ಟಳು. ಆಮೇಲೂ ಸಂಬಂಧಗಳು ಬಂದವು. ಒಂದೊಂದನ್ನೂ ಕುಜ ಒದ್ದು ಓಡಿಸಿದ. ಕೊನೆಗೆ ಅಕ್ಕ, ಇನ್ನು ಸಾಕು, ನನಗೆ ಬ್ಯಾಂಕಿನ ಪರೀಕ್ಷೆ ಇದೆ ಎಂದು ಹೇಳಿ ಪುಸ್ತಕ ಹಿಡಿದು ಕೂತಳು.

ಅಂದಿನಿಂದ ಅಮ್ಮ ಕುಜನ ಹೆಸರು ಎತ್ತುತ್ತಿರಲಿಲ್ಲ. 'ಅವನು' ಎಂದರೆ ನಮ್ಮ ಮನೆಯಲ್ಲಿ ಮಂಗಳಗ್ರಹ. ಮಂಗಳವಾರ ಕುಂಬಳಕಾಯಿಯನ್ನೂ ಒಡೆಯುತ್ತಿರಲಿಲ್ಲ. ನಾನು ಒಮ್ಮೆ, ಅಮ್ಮ, ಮಂಗಳ ಅಂದರೆ ತುಕ್ಕು ಹಿಡಿದ ಧೂಳು, ಅಲ್ಲಿ ನಿನ್ನ ತೂಕ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಎಂದು ತಿಳಿಹೇಳಲು ಹೋದೆ. "ಅವನು ನನ್ನ ಮಗಳ ತೂಕಾನೇ ಇಳಿಸಿದಾನೆ, ನನ್ನದೇನು ಮಹಾ" ಅಂದಳು. ವಿಜ್ಞಾನ ಅಲ್ಲಿಗೆ ನಿಂತಿತು.

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಬಿದ್ದಿದ್ದು ಮಂಗಳವಾರವೇ ಆಗಬೇಕೆ? ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆ ನೋವಿನಲ್ಲೂ, "ಇದೂ ಅವನದೇ ಕೆಲಸ" ಎಂದು ಗೊಣಗಿದಳು. ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. ಎಲ್ಲ ಸರಿಯಾಗಿ ಕೂಡಿಕೊಂಡಿದೆ, ಇನ್ನು ನಡೆಸಿ, ಮಲಗಿಸಿದರೆ ಕೆಟ್ಟಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಆದರೆ ಅಮ್ಮ ಏಳಲೊಲ್ಲಳು. ಒಂದು ಹೆಜ್ಜೆ ಇಟ್ಟರೆ ಮತ್ತೆ ಬೀಳುತ್ತೇನೆ ಎನ್ನುವ ಭಯ ಅವಳಿಗೆ ಹಿಡಿದಿತ್ತು. ಭಯ ಎಂದು ಒಪ್ಪುತ್ತಿರಲಿಲ್ಲ; ಇವತ್ತು ಏಕಾದಶಿ, ಇವತ್ತು ಕಾಲು ಭಾರ, ಇವತ್ತು ಕರೆಂಟು ಹೋಗಬಹುದು ಎನ್ನುವಳು. ತಂದುಕೊಟ್ಟ ವಾಕರಿನ ಮೇಲೆ ಅವಳ ಒದ್ದೆ ಟವೆಲು ಒಣಗುತ್ತಿತ್ತು.

ಮನೆಯಲ್ಲಿ ಮಾತು ಕಡಿಮೆಯಾಯಿತು. ಅಮ್ಮ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುವುದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳ ಕಾಲಿನ ಮೀನಖಂಡ ವಾರದಿಂದ ವಾರಕ್ಕೆ ಸಣ್ಣಗಾಗುತ್ತಿತ್ತು. ಹೀಗೇ ಮಲಗಿದ್ದು ಹೀಗೇ ಹೋಗಿಬಿಡುತ್ತಾಳೆ ಎಂದು ಅಕ್ಕ ಒಂದು ದಿನ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ನನಗೆ ಗೊತ್ತಿದ್ದ ಔಷಧ ಒಂದೇ. ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಶುರು ಮಾಡಿದೆ. ಅಂತರಿಕ್ಷಕ್ಕೆ ಹೋದರೆ ಮೈಗೆ ಏನಾಗುತ್ತದೆ ಎಂದು ತಿಳಿಯುವುದಕ್ಕೆ ವಿಜ್ಞಾನಿಗಳು ಭೂಮಿಯ ಮೇಲೇ ಒಂದು ಉಪಾಯ ಮಾಡಿದ್ದಾರೆ ಅಮ್ಮ. ಗಟ್ಟಿಮುಟ್ಟಾದ ಜನರನ್ನು ಕರೆದು, ತಲೆ ಸ್ವಲ್ಪ ಕೆಳಗೆ ಮಾಡಿ, ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಾರೆ, ಊಟ ತಿಂಡಿ ಎಲ್ಲ ಅಲ್ಲೇ. ಅಂತರಿಕ್ಷದಲ್ಲಿ ಆಗುವ ಹಾಗೇ ಅವರ ಮೂಳೆಯೂ ಸವೆಯುತ್ತದೆ, ಅಂದರೆ ಮಲಗುವುದೂ ಒಂದೇ, ಆಕಾಶಕ್ಕೆ ಹೋಗುವುದೂ ಒಂದೇ.

ಅಮ್ಮ ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು. ಗೆದ್ದೆ ಅಂದುಕೊಂಡೆ.

"ಮಲಗಿರೋಕೆ ಅವರಿಗೆ ಸಂಬಳ ಕೊಡ್ತಾರಾ?"

"ಕೊಡ್ತಾರೆ ಅಂತ ಕಾಣತ್ತೆ."

"ನಿನಗೂ ಕೊಡ್ತಾರಲ್ಲ ಗಿಂಡೀಲಿ. ಹೋಗು, ರೈಲಿಗೆ ಹೊತ್ತಾಯ್ತು" ಎಂದು ಮತ್ತೆ ಗೋಡೆಯ ಕಡೆ ತಿರುಗಿದಳು.

ಆ ದಿನಗಳಲ್ಲೇ ನಮ್ಮ ಆಫೀಸಿಗೆ ಈ-ಮೇಲ್ ಬಂದಿತ್ತು. ಇಡೀ ಶಾಖೆಗೆ ಒಂದೇ ಕಂಪ್ಯೂಟರಿನಲ್ಲಿ ಅದರ ದರ್ಶನ. ಯಾರೋ ಯಾರಿಗೋ ಕಳಿಸಿ, ಅವರು ಊರಿಗೆಲ್ಲ ಹಂಚಿದ ಒಂದು ಪತ್ರ ನಮಗೂ ತಲುಪಿತು. ಈ ಆಗಸ್ಟಿನಲ್ಲಿ ಮಂಗಳಗ್ರಹ ಅರವತ್ತು ಸಾವಿರ ವರ್ಷಗಳಲ್ಲಿ ಎಂದೂ ಬಾರದಷ್ಟು ಹತ್ತಿರ ಬರುತ್ತದೆ, ಇಪ್ಪತ್ತೇಳನೆಯ ತಾರೀಕು ಬರಿಗಣ್ಣಿಗೆ ಹುಣ್ಣಿಮೆಯ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ಆಕಾಶದಲ್ಲಿ ಎರಡು ಚಂದ್ರರಿದ್ದ ಹಾಗಿರುತ್ತದೆ! ನಾನು ಅದರ ಪ್ರತಿಯನ್ನು ಅಚ್ಚು ಹಾಕಿಸಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು, ಸಂಜೆಯ ರೈಲಿನಲ್ಲಿ ಮೂರು ಸಲ ಓದಿದೆ. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಅಮ್ಮನ ಕೋಣೆಗೆ ಹೋಗಿ ಸುದ್ದಿ ಹೇಳಿದೆ.

ಅಮ್ಮ ಮೊಣಕೈ ಊರಿ ತಲೆ ಎತ್ತಿದಳು. ಆಮೇಲೆ ನಿಧಾನವಾಗಿ, "ಅವನು ಬರ್ತಾನಾ? ಚಂದ್ರನಷ್ಟು?" ಅಂದಳು.

"ಅಷ್ಟೇ ದೊಡ್ಡದಾಗಿ. ಸಮುದ್ರದ ಮೇಲೆ ಹುಟ್ಟತ್ತೆ, ತಾರಸಿ ಮೇಲಿಂದ ಚೆನ್ನಾಗಿ ಕಾಣತ್ತೆ."

"ಯಾವತ್ತು ಅಂದೆ? ಇಪ್ಪತ್ತೇಳಾ?" ಮಂಚದ ಪಕ್ಕದಲ್ಲಿ ದಿನದ ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಅದನ್ನು ತರಿಸಿ ಮುಂದಿನ ಹಾಳೆಗಳನ್ನು ಮಗುಚಿದಳು. "ಅವತ್ತು ಅಮಾವಾಸ್ಯೆ ಕಣೋ. ಚಂದ್ರ ಒಬ್ಬನೂ ಇರಲ್ಲ, ಇಬ್ಬರು ಎಲ್ಲಿಂದ ಬರ್ತಾರೆ?"

ಈ ಪ್ರಶ್ನೆ ಪತ್ರ ಬರೆದವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆದರೆ ನಾನೂ ರೈಲ್ವೆಯವನ ಮಗ. "ಚಂದ್ರ ಅವತ್ತು ರಜ ಅಮ್ಮ. ಅದಕ್ಕೇ ಬದಲಿಗೆ ಇವನನ್ನ ಡ್ಯೂಟಿಗೆ ಹಾಕಿದಾರೆ" ಅಂದೆ. ಅಮಾವಾಸ್ಯೆಯ ದಿನ ಹೊಸ ಕೆಲಸ ನಮ್ಮಲ್ಲಿ ಯಾರೂ ಹಿಡಿಯುವುದಿಲ್ಲ. ತಮಿಳರಿಗೆ ಅದೇ ತುಂಬಿದ ದಿನ, ಶುಭದಿನ. ಅಮ್ಮ ನಲವತ್ತು ವರ್ಷಗಳಿಂದ ಮದರಾಸಿನಲ್ಲಿದ್ದವಳು. ಬೇಡದ ಕೆಲಸಕ್ಕೆ ಕನ್ನಡದ ಶಾಸ್ತ್ರ, ಬೇಕಾದ ಕೆಲಸಕ್ಕೆ ತಮಿಳು ಶಾಸ್ತ್ರ ಎಂದು ಇಟ್ಟುಕೊಂಡಿದ್ದಳು. "ಮಾಮಿ ಮನೇಲಿ ಅಮಾವಾಸ್ಯೆ ದಿನವೇ ಗೃಹಪ್ರವೇಶ ಮಾಡಿದ್ರು, ಏನೂ ಆಗ್ಲಿಲ್ಲ. ಆ ಟವೆಲು ತೆಗಿ. ವಾಕರ್ ಕೊಡು ಇಲ್ಲಿ. ಅವನ ಮುಖ ಒಂದ್ಸಲ ನೋಡ್ಬೇಕು ನಾನು. ಎದುರಿಗೆ ನಿಂತು ಕೇಳ್ಬೇಕು."

ಏನು ಕೇಳಬೇಕು ಎಂದು ನಾನು ವಿಚಾರಿಸಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಅಕ್ಕ ಒಳಗೆ ಹೋಗಿ ಕಾಫಿಗೆ ಇಟ್ಟಳು.

ಮರುದಿನದಿಂದ ನಮ್ಮ ಮನೆಯಲ್ಲಿ ಗಗನಯಾತ್ರೆಯ ತಯಾರಿ ಶುರುವಾಯಿತು. ಮೊದಲು ಮಂಚದಿಂದ ಬಾಗಿಲು. ಆಮೇಲೆ ಬಾಗಿಲಿನಿಂದ ಅಡುಗೆಮನೆ, ಅಲ್ಲಿ ವಸಂತ ಮಾಡುತ್ತಿದ್ದ ಸಾರಿನ ಬಗ್ಗೆ ಎರಡು ತಕರಾರು, ವಾಪಸು. ತಕರಾರು ಕೇಳಿ ವಸಂತಳಿಗೆ ಕಣ್ಣಲ್ಲಿ ನೀರು ಬಂತು. ನೊಂದು ಅಲ್ಲ. ಆ ಮನೆಯಲ್ಲಿ ಸಾರಿನ ಬಗ್ಗೆ ಯಾರೂ ಮಾತಾಡದೆ ಎಷ್ಟೋ ದಿನವಾಗಿತ್ತು. ವಾರ ಕಳೆದ ಮೇಲೆ ಮೆಟ್ಟಿಲು. ಮೆಟ್ಟಿಲಿನಲ್ಲಿ ವಾಕರ್ ನಡೆಯುವುದಿಲ್ಲ. ಒಂದು ಕೈ ಕಟಾಂಜನಕ್ಕೆ, ಇನ್ನೊಂದು ಕೈ ನನಗೆ. ನನಗೇ ಯಾಕೆ ಅಂದರೆ ಸುದ್ದಿ ತಂದವನು ನಾನು. ಸಂಜೆ ರೈಲಿಳಿದು ಬಂದು ಕುರ್ಚಿ ಕಂಡರೂ ಕೂರುವಂತಿಲ್ಲ. ಅಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳು ಒಂದು ಮೆಟ್ಟಿಲು ಹತ್ತಿ ನಿಂತು ಉಸಿರು ತೆಗೆದುಕೊಂಡರೆ, ನಾನು ಅವಳಿಗಿಂತ ಜೋರಾಗಿ ತೆಗೆದುಕೊಳ್ಳುತ್ತಿದ್ದೆ. ಎರಡನೆಯ ಮಹಡಿಗಿಂತ ಮುಂಚಿನ ಮೆಟ್ಟಿಲ ತಿರುವಿನಲ್ಲಿ ಅಕ್ಕ ಒಂದು ಕಬ್ಬಿಣದ ಸ್ಟೂಲು ತಂದಿಟ್ಟಳು. ಅದು ಅಮ್ಮನಿಗೆ ಎಂದು ಇಟ್ಟಿದ್ದು. ಹೆಚ್ಚು ಸಲ ಕೂತವನು ನಾನು, ಅಮ್ಮ ಗೋಡೆಗೆ ಒರಗಿ ನಿಂತು, "ಆಯ್ತೇನೋ? ಏಳು" ಎಂದು ಕಾಯುತ್ತಿದ್ದಳು.

ಸುದ್ದಿ ಕಟ್ಟಡದಲ್ಲೆಲ್ಲ ಹರಡಿತು. ನನ್ನ ಬಾಯಿ ಸುಮ್ಮನಿರುವುದಲ್ಲವಲ್ಲ. ಮಾಮಿ ತಮ್ಮ ತಂಗಿಯ ಮನೆಯವರನ್ನೂ ಆ ಸಂಜೆಗೆ ಕರೆದರು. ಮೇಲಿನ ಮನೆಯವರು ತಾರಸಿಗೆ ಚಾಪೆ ಹಾಸುವ ಜವಾಬ್ದಾರಿ ಹೊತ್ತರು. ಇನ್ನು ನಾಲ್ಕೈದು ದಿನ ಇದೆ ಅನ್ನುವಾಗ ಆಫೀಸಿನಲ್ಲಿ ಶ್ರೀಧರನ್ ನನ್ನ ಮೇಜಿನ ಹತ್ತಿರ ಬಂದು ಒಂದು ಕಾಗದ ಇಟ್ಟ. ಅದೇ ಪತ್ರ. ಆದರೆ ನನ್ನ ಪ್ರತಿಯಲ್ಲಿ ಇಲ್ಲದ ಅರ್ಧ ಸಾಲು ಅದರಲ್ಲಿತ್ತು. ಎಪ್ಪತ್ತೈದು ಪಟ್ಟು ದೊಡ್ಡದು ಮಾಡಿ ತೋರಿಸುವ ದೂರದರ್ಶಕದಲ್ಲಿ ನೋಡಿದರೆ ಮಾತ್ರ ಮಂಗಳ ಬರಿಗಣ್ಣಿನ ಚಂದ್ರನಷ್ಟು ಕಾಣುತ್ತದೆ. ಕೈಯಿಂದ ಕೈಗೆ ಬರುವಾಗ ಯಾರೋ ಪುಣ್ಯಾತ್ಮರು ಆ ದೂರದರ್ಶಕವನ್ನು ಕತ್ತರಿಸಿ ಎಸೆದಿದ್ದರು. ಶನಿ ತೇಲುತ್ತದೆ ಎನ್ನುವವನಿಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲವಲ್ಲ. ಮಂಗಳ ಚಂದ್ರನಷ್ಟು ಕಾಣುವಷ್ಟು ಹತ್ತಿರ ಬಂದರೆ ಸಮುದ್ರ ಎದ್ದು ನಮ್ಮ ಮನೆಯೊಳಗೆ ಬರುತ್ತಿತ್ತು. ತಾರಸಿ ಹತ್ತುವ ಪ್ರಮೇಯವೇ ಇರುತ್ತಿರಲಿಲ್ಲ.

ಅವತ್ತು ಸಂಜೆ ಅಕ್ಕನಿಗೆ ಗುಟ್ಟಾಗಿ ಹೇಳಿದೆ. ಅವಳು ಸೀರೆ ಇಸ್ತ್ರಿ ಮಾಡುತ್ತಿದ್ದಳು.

"ಹಾಗಾದ್ರೆ ಎಷ್ಟು ಕಾಣತ್ತೆ?"

"ದೊಡ್ಡ ನಕ್ಷತ್ರದ ಹಾಗೆ. ಸ್ವಲ್ಪ ಕೆಂಪಗೆ."

"ಇವತ್ತು ಅಮ್ಮ ಎಲ್ಲಿ ತನಕ ಹತ್ತಿದಳು?"

"ಎರಡನೇ ಮಹಡಿ ಬಾಗಿಲ ತನಕ."

ಅಕ್ಕ ಸೆರಗನ್ನು ಮಡಿಸಿ ಇಸ್ತ್ರಿ ಒತ್ತಿದಳು. "ಹಾಗಾದ್ರೆ ಬಾಯಿ ಮುಚ್ಕೊಂಡು ಅವಳ ಕೈ ಹಿಡ್ಕೋ. ಮಿಕ್ಕಿದ್ದು ಅವತ್ತಿಗೆ ನೋಡ್ಕೊಳ್ಳೋಣ."

ಆ ನಾಲ್ಕು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ತಾರಸಿ ಹತ್ತಿ, ಸಣ್ಣ ಚುಕ್ಕೆ ನೋಡಿ, ಮೋಸ ಹೋದೆ ಎಂದು ಅಮ್ಮ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ? ಮೋಡ ಕವಿಯಲಿ ಎಂದು ದೇವರಿಗೆ ಕೈಮುಗಿದೆ. ಬಹುಶಃ ಆ ವರ್ಷ ಇಡೀ ಪ್ರಪಂಚದಲ್ಲಿ ಮಂಗಳನನ್ನು ಮರೆಮಾಡು ಎಂದು ಬೇಡಿಕೊಂಡ ವಿಜ್ಞಾನಪ್ರೇಮಿ ನಾನೊಬ್ಬನೇ.

ದೇವರು ಕೇಳಲಿಲ್ಲ. ಇಪ್ಪತ್ತೇಳರ ಸಂಜೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿಕೊಂಡು, ಯಾರನ್ನೋ ಗಟ್ಟಿಯಾಗಿ ಕೇಳಲು ಹೊರಟವಳ ಮುಖ ಮಾಡಿಕೊಂಡು ಹೊರಟಳು. ಒಂದು ಕಡೆ ನಾನು, ಹಿಂದೆ ಅಕ್ಕ. ಎರಡನೆಯ ಮಹಡಿ ದಾಟಿದ ಮೇಲಿನ ಮೆಟ್ಟಿಲುಗಳನ್ನು ಅವಳು ಬಿದ್ದ ಮೇಲೆ ಅದೇ ಮೊದಲು ಹತ್ತುತ್ತಿದ್ದದ್ದು. ಕೊನೆಯ ಮೆಟ್ಟಿಲಿನ ಹತ್ತಿರ ಕಾಲು ನಡುಗಿತು. ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಳು. ತಾರಸಿಯ ಬಾಗಿಲು ದಾಟಿದಾಗ ಸಮುದ್ರದ ಗಾಳಿ ಮುಖಕ್ಕೆ ಬಡಿಯಿತು. ಅಮ್ಮ ಸಂಡಿಗೆ ಹಾಕುತ್ತಿದ್ದ ಮೂಲೆಯನ್ನು ಒಮ್ಮೆ ನೋಡಿ, ಅಲ್ಲಿ ಕುಳಿತಿದ್ದ ಮಾಮಿಯ ತಂಗಿಯನ್ನೂ ನೋಡಿ, ಗೋಡೆಯ ಹತ್ತಿರ ಹೋಗಿ ನಿಂತಳು.

ಜನ ಸೇರಿದ್ದರು. ಮಾಮಿ ಪಶ್ಚಿಮದ ಕಡೆ ಕಾರ್ಖಾನೆಯ ಚಿಮಣಿಯ ತುದಿಯ ಬೆಂಕಿ ತೋರಿಸಿ, ಅದಾ ಎಂದು ಕೇಳಿದರು. ಅಲ್ಲ ಅಂದೆ. ಪೂರ್ವಕ್ಕೆ, ಸಮುದ್ರದ ಮೇಲೆ, ಬೆರಳು ತೋರಿಸಿದೆ.

"ಅದು ಹಡಗಿನ ದೀಪ" ಅಂದಳು ಅಮ್ಮ.

"ಅದರ ಮೇಲೆ ನೋಡಮ್ಮ. ಇನ್ನೂ ಮೇಲೆ. ಕೆಂಪಗೆ."

ಎಲ್ಲರೂ ನೋಡಿದರು. ಹೊಳೆಯುತ್ತಿತ್ತು, ನಿಜ. ಸುತ್ತಲಿನ ಎಲ್ಲ ನಕ್ಷತ್ರಕ್ಕಿಂತ ಹೆಚ್ಚಾಗಿ, ಮಿನುಗದೆ, ಕೆಂಡದ ಬಣ್ಣದಲ್ಲಿ ಹೊಳೆಯುತ್ತಿತ್ತು. ಆದರೆ ಚುಕ್ಕೆಯೇ. "ಎನ್ನ ಸಾರ್, ನಿಲಾ ಮಾದಿರಿ ಇರುಕ್ಕುಂನ್ನು ಸೊನ್ನೀಂಗಳೇ" ಎಂದರು ಮಾಮಿ. ಚಂದ್ರನ ಹಾಗಿರತ್ತೆ ಅಂದಿದ್ರಲ್ಲ ಎಂದು. ನಾನು ದೂರದರ್ಶಕ, ಎಪ್ಪತ್ತೈದು ಪಟ್ಟು, ಕತ್ತರಿಸಿದ ಅರ್ಧ ಸಾಲು ಎಂದು ಏನೇನೋ ತೊದಲಿದೆ. ಜನ ಒಳ್ಳೆಯವರು, ಬೈಯಲಿಲ್ಲ. ತಂದಿದ್ದ ಮುರುಕ್ಕು ತಿಂದು, ಗಾಳಿ ಚೆನ್ನಾಗಿದೆ ಎಂದು ಹೇಳಿ ಒಬ್ಬೊಬ್ಬರಾಗಿ ಇಳಿದು ಹೋದರು. ಚಾಪೆ ಸುತ್ತಿಕೊಂಡು ಹೋದವರ ಹಿಂದೆ ವಸಂತಳೂ ಮಾಮಿಯನ್ನು ಸಮಾಧಾನ ಮಾಡಲು ಇಳಿದಳು. ಉಳಿದವರು ನಾವು ಮೂವರು.

ಅಮ್ಮ ಇನ್ನೂ ಮೇಲೆಯೇ ನೋಡುತ್ತಿದ್ದಳು.

"ಇಷ್ಟೇನಾ ಅವನು?"

"ಇಷ್ಟೇ ಅಮ್ಮ" ಅಂದೆ. ಸುಳ್ಳು ಹೇಳಲು ನನಗೆ ಇನ್ನೇನೂ ಉಳಿದಿರಲಿಲ್ಲ. "ಇದೇ ಅವನು ತೀರಾ ಹತ್ತಿರ ಬಂದಾಗ. ಅರವತ್ತು ಸಾವಿರ ವರ್ಷದಲ್ಲಿ ಇದಕ್ಕಿಂತ ದೊಡ್ಡದಾಗಿ ಯಾರಿಗೂ ಕಂಡಿಲ್ಲ."

"ಸಾಸಿವೆ ಕಾಳಿನಷ್ಟಿದಾನೆ." ಅವಳ ಧ್ವನಿ ಸಣ್ಣಗಾಯಿತು. "ಇಷ್ಟು ಸಣ್ಣವನಿಗೆ ಹೆದರಿ ಆ ಹುಡುಗನ್ನ ಕಳಿಸಿಬಿಟ್ಟೆನಲ್ಲೇ, ಸುಮಿ."

ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಆ ಹುಡುಗನ ಮಾತೆತ್ತಿರಲಿಲ್ಲ. ನಾನು ಸಮುದ್ರದ ಕಡೆ ನೋಡತೊಡಗಿದೆ. ಅಕ್ಕ, "ಅವನಿಗೀಗ ತಲೆ ಪೂರ್ತಿ ಬೋಳು ಅಮ್ಮ" ಅಂದಳು. "ಹೋದ ತಿಂಗಳು ಬ್ಯಾಂಕಿಗೆ ಬಂದಿದ್ದ. ಮಗಳ ಮದುವೆ ಅಂತೆ."

"ಬಂದಿದ್ನಾ?" ಅಮ್ಮ ಮೊದಲ ಬಾರಿಗೆ ಆಕಾಶ ಬಿಟ್ಟು ಅಕ್ಕನ ಕಡೆ ತಿರುಗಿದಳು. "ಚೆನ್ನಾಗಿದಾನಾ?"

"ಚೆನ್ನಾಗಿದಾನೆ. ಸ್ವಲ್ಪ ಬಿ.ಪಿ. ಅಂತೆ."

"ಬದುಕಿದಾನಲ್ಲ. ಸಾಕು" ಅಂದಳು ಅಮ್ಮ.

ಅಕ್ಕ ಅವಳ ಇನ್ನೊಂದು ಕೈ ಹಿಡಿದುಕೊಂಡಳು. ನನಗೆ ಏನಾದರೂ ಮಾತಾಡಬೇಕು ಎನ್ನಿಸಿ, ಅಲ್ಲಿಂದ ಬೆಳಕು ನಮಗೆ ಬರಲು ಮೂರು ನಿಮಿಷ ಬೇಕು ಎಂದು ಹೇಳಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಇಳಿಯುವಾಗ ಅಮ್ಮ, "ನಾಳೆನೂ ಇರ್ತಾನಾ?" ಎಂದು ಕೇಳಿದಳು. ಇರ್ತಾನೆ, ಆದರೆ ದಿನದಿನಕ್ಕೆ ದೂರ ಹೋಗಿ ಸಣ್ಣಗಾಗ್ತಾ ಹೋಗ್ತಾನೆ ಅಂದೆ. "ಆಗ್ಲಿ. ಬಂದು ನೋಡ್ತೀನಿ" ಅಂದಳು.

ಹಾಗೇ ನೋಡಿದಳು. ಮಳೆಗಾಲದ ಮೋಡ ಬರುವವರೆಗೆ ದಿನಾ ಸಂಜೆ ತಾರಸಿಗೆ ಹೋಗಿ, ಅವನು ಎಷ್ಟು ಸೊರಗಿದ್ದಾನೆ ಎಂದು ಪರೀಕ್ಷೆ ಮಾಡಿ, ಸಮಾಧಾನಪಟ್ಟು ಇಳಿಯುವಳು. ಕೆಲವು ದಿನದಲ್ಲಿ ನನ್ನ ಕೈ ಬೇಡವಾಯಿತು, ಕಟಾಂಜನ ಸಾಕಾಯಿತು. ಮರುವರ್ಷದ ಬೇಸಿಗೆಗೆ ಸಂಡಿಗೆಯೂ ಮಾಮಿಯೊಡನೆ ವ್ಯಾಜ್ಯವೂ ಮತ್ತೆ ಶುರುವಾದವು. ಮಂಗಳವಾರ ಕುಂಬಳಕಾಯಿ ಒಡೆದಳು. ನಾನು ನನ್ನ ಕುರ್ಚಿಗೆ ವಾಪಸಾದೆ. ಎಷ್ಟೋ ವರ್ಷ ಹೀಗೇ ನಡೆಯಿತು. ಹೋದ ವರ್ಷ ಅಮ್ಮ, ನಾಲ್ಕೇ ದಿನ ಮಲಗಿ, ಯಾರಿಗೂ ತೊಂದರೆ ಕೊಡದೆ ಹೊರಟುಹೋದಳು. ಅದರ ಹಿಂದಿನ ವಾರ ಬಾಳಕ ತಿರುವಿ ಹಾಕಿ ಬಂದಿದ್ದಳು. ಅದನ್ನು ಕರಿದು ತಿನ್ನಲು ನಮಗೆ ತುಂಬ ದಿನ ಮನಸ್ಸಾಗಲಿಲ್ಲ. ಅಕ್ಕ ನಿವೃತ್ತಳಾಗಿ, ಗಿಂಡಿಯ ಹತ್ತಿರ ಎಂದೋ ಕೊಂಡಿಟ್ಟಿದ್ದ ತನ್ನ ಫ್ಲ್ಯಾಟಿಗೆ ಹೋದಳು. ಯಾಕೆ ಎಂದರೆ, "ನಿನ್ನ ಗ್ರಹಗಳ ಕಾಟ ತಡೆಯೋಕಾಗಲ್ಲ" ಅಂದಳು. ಅಲ್ಲಿ ಲಿಫ್ಟಿದೆ.

ಆ ಪತ್ರಕ್ಕೆ ಮಾತ್ರ ಸಾವಿಲ್ಲ. ಪ್ರತಿ ಆಗಸ್ಟಿನಲ್ಲೂ ಎಲ್ಲಿಂದಲೋ ಹುಟ್ಟಿ ಬರುತ್ತದೆ: ಈ ಇಪ್ಪತ್ತೇಳರಂದು ಮಂಗಳ ಚಂದ್ರನಷ್ಟು. ಈ ವರ್ಷವೂ ಬಂತು. ಸುಳ್ಳು ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಾರರು. ಆದರೆ ಅಕ್ಕ ಇತ್ತೀಚೆಗೆ ಮೊಣಕಾಲು ನೋವು ಎಂದು ಮನೆಯಿಂದ ಹೊರಗೇ ಹೊರಡುತ್ತಿಲ್ಲ. ಫೋನ್ ಮಾಡಿದಾಗಲೆಲ್ಲ ಮಲಗಿದ್ದೆ ಅನ್ನುತ್ತಾಳೆ. ನನಗೆ ಹಳೆಯ ಔಷಧ ನೆನಪಾಯಿತು. ಪತ್ರವನ್ನು ಅವಳಿಗೆ ಕಳಿಸಿ, ನಿಮ್ಮ ತಾರಸಿಗೆ ಮೆಟ್ಟಿಲು ಹತ್ತಿಯೇ ಹೋಗಿ ನೋಡು ಎಂದು ಬರೆದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ನಮ್ಮ ಕಡೆ ಎತ್ತರದ ಕಟ್ಟಡ ಜಾಸ್ತಿ ಕಣೋ, ಏನೂ ಕಾಣಲ್ಲ. ನಿಮ್ಮಲ್ಲಿ ಸಮುದ್ರದ ಮೇಲೆ ಕಾಣತ್ತಲ್ಲ. ನೀನು ಹತ್ತಿ ನೋಡಿ ಫೋನ್ ಮಾಡು. ಚಂದ್ರನಷ್ಟು ಇದ್ರೆ ನಾನೂ ಹತ್ತೀನಿ."

ಪತ್ರ ಕಳಿಸಿದವನು ಹೊರಡಲೇಬೇಕಾಯಿತು. ಇಪ್ಪತ್ತೇಳರ ಸಂಜೆ ಊಟಕ್ಕೆ ಮುಂಚೆ ಮೊಬೈಲು ಹಿಡಿದು ಮೆಟ್ಟಿಲು ಹತ್ತಿದೆ. ತಿರುವಿನಲ್ಲಿ ಆ ಕಬ್ಬಿಣದ ಸ್ಟೂಲು ಇನ್ನೂ ಇದೆ, ಯಾರೂ ತೆಗೆದಿಲ್ಲ. ಅಷ್ಟರಲ್ಲೇ ನನಗೆ ಏದುಸಿರು ಬಂದಿತ್ತು. ಕೂತೆ. ಎದುರಿಗೆ ಅಮ್ಮ ಒರಗಿ ನಿಲ್ಲುತ್ತಿದ್ದ ಗೋಡೆ. ಅವಳ ಎಣ್ಣೆ ಹಚ್ಚಿದ ತಲೆಯ ಕಲೆ ಸುಣ್ಣದಲ್ಲಿ ಸ್ವಲ್ಪ ಉಳಿದಿದೆ ಎಂದು ನನಗೆ ಅನ್ನಿಸಿತು. ಅಲ್ಲಿ ಆಮೇಲೆ ಎರಡು ಸಲ ಸುಣ್ಣ ಬಳಿದಿದ್ದಾರೆ, ಇರಲಾರದು. ಅಮ್ಮನ ನೆನಪು ಬಂದು ಏಳಲು ಮನಸ್ಸಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಏಳಲು ಮೊಣಕಾಲೂ ಒಪ್ಪಲಿಲ್ಲ. ಕೂತಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

"ನೋಡಿದೆ ಕಣೇ. ಚೆನ್ನಾಗಿ ಕಾಣ್ತಾ ಇದೆ. ಕೆಂಪಗೆ, ಸಾಸಿವೆ ಕಾಳಿನಷ್ಟು."

ಆ ಕಡೆ ಅಕ್ಕ ನಕ್ಕಳು. ಸುಲಭಕ್ಕೆ ನಗುವವಳಲ್ಲ.

"ಸ್ಟೂಲಿನ ಮೇಲೆ ಕೂತಿದೀಯ ತಾನೆ? ಈ ವರ್ಷ ಮಂಗಳ ಹುಟ್ಟೋದೇ ನಡುರಾತ್ರಿ ಆದ ಮೇಲೆ ಅಂತ ಇವತ್ತಿನ ಪೇಪರಿನಲ್ಲಿದೆ. ಆಯ್ತೇನೋ? ಏಳು."

ಥೇಟ್ ಅಮ್ಮನ ಧ್ವನಿ. ಗಂಟೆಗೆ ಸಾವಿರದ ಆರುನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದ ನಾನು ಕಟಾಂಜನ ಹಿಡಿದುಕೊಂಡು ಎದ್ದು, ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ.